ಮೊಹರು ಬಿದ್ದ ಬೂಟು

ಸಾವಿರದ ಒಂಬೈನೂರಾ ನಲವತ್ತೆರಡರ ಬೇಸಿಗೆಯಲ್ಲಿ ಇಂಗ್ರೇಜರು ಇಡೀ ಹಿಂದೂಸ್ತಾನದಲ್ಲಿ ಎಲ್ಲಕ್ಕಿಂತ ಕೆಟ್ಟ ನೆಲ ಯಾವುದು ಅಂತ ಹುಡುಕಿದರು. ಹುಡುಕಿ ಹುಡುಕಿ ಅತನೂರಿಗೆ ಬಂದರು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು, ಮಳೆಗಾಲದಲ್ಲಿ ಕಾಲು ಹಿಡಿದರೆ ಬಿಡದ ಎರೆಮಣ್ಣು, ನಡುವೆ ನೆತ್ತಿ ಸುಡುವ ಬಿಸಿಲು. ಆಫ್ರಿಕದ ಮರಳಿಗೆ, ಬರ್ಮಾದ ಕೆಸರಿಗೆ ಸಿಪಾಯಿಗಳನ್ನು ಅಟ್ಟುವ ಮೊದಲು ಅವರ ಬೂಟು ಇಲ್ಲಿ ಬದುಕುತ್ತದೋ ಇಲ್ಲವೋ ನೋಡಬೇಕಂತೆ. ಇಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಅದು ಅವರು ತೆರೆಯಲಿದ್ದ ಬೂಟಿನ ಲ್ಯಾಬೋರೇಟರಿಯ ವಿಷಯವಾಗಿರಲಿಲ್ಲ.

ಅತನೂರಿನ ಹೊರಗೆ ಎರಡು ತಗಡಿನ ಶೆಡ್ಡು ಎದ್ದವು. ಸುತ್ತ ಮುಳ್ಳುತಂತಿ, ಬಾಗಿಲಿಗೆ ಒಬ್ಬ ಬಂದೂಕಿನವನು. ನೆಲ ನಿಜಾಮನದು, ಲಡಾಯಿ ಇಂಗ್ರೇಜರದು, ಪರೀಕ್ಷೆಗೆ ಕಾಲು ನಮ್ಮವರದು. ಕೆಲಸಕ್ಕೆ ಸೇರಿದವರೆಲ್ಲ, ಒಳಗೆ ನಡೆಯುವುದನ್ನು ಹೊರಗೆ ಹೇಳುವುದಿಲ್ಲ ಅಂತ ಹೆಬ್ಬೆಟ್ಟು ಒತ್ತಬೇಕಿತ್ತು. ಕುದಿಸಿದ ತೊಗಲಿನ ನಾತ ಮಾತ್ರ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ. ಅದು ಗಾಳಿ ಬಂದತ್ತ ಹೋಗಿ ಸುತ್ತ ಹತ್ತು ಊರಿಗೆ ಲ್ಯಾಬೋರೇಟರಿಯ ಗುಟ್ಟೆಲ್ಲ ಹೇಳಿ ಬರುತ್ತಿತ್ತು.

ಆ ಗುಟ್ಟಿನ ಬೆನ್ನು ಹತ್ತಿ ಬಂದವನು ಬಂಡೇನಾಳದ ಮಾದಿಗರ ಕೇರಿಯ ಮಲ್ಕಪ್ಪ. ಮೂವತ್ತು ವರ್ಷದ ಆಳು, ಉದ್ದ ಕಾಲು, ಗಿಡ್ಡ ಮಾತು. ತಾತನ ಕಾಲದಿಂದ ತೊಗಲು ಹದ ಮಾಡುವ ಮನೆತನ. ಶೆಡ್ಡಿನ ಯಜಮಾನ ಗೌಸಮೊಹಿದ್ದೀನ ಸಾಹೇಬ. ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ, ಕನ್ನಡಕ ಹಾಕಿಕೊಂಡು, ಈ ಕರಿ ನೆಲಕ್ಕೆ ಬಂದು ಬಿದ್ದಿದ್ದ. ಮೇಜಿನ ಮೇಲೆ ಮೂರು ತುಂಡು ತೊಗಲು ಇಟ್ಟುಕೊಂಡು, ತೇಜಾಬಿನ, ಅಂದರೆ ಆಸಿಡ್ಡಿನ, ಸೀಸೆ ಹಿಡಿದು ಕೂತಿದ್ದ.

"ಏನ್ ಮಾಡಾಕತ್ತೀರಿ ಸಾಹೇಬ್ರ?" ಅಂದ ಮಲ್ಕಪ್ಪ.

"ಯಾವ ತೊಗಲು ಪೂರಾ ಹದ ಆಗಿದೆ, ಯಾವುದು ಕಚ್ಚಾ, ನೋಡ್ತಿದೀನಿ. ಎರಡು ದಿನ ಬೇಕು."

ಮಲ್ಕಪ್ಪ ಮೂರನ್ನೂ ಒಂದೊಂದಾಗಿ ಎತ್ತಿ, ಕತ್ತರಿಸಿದ ಅಂಚನ್ನು ನಾಲಿಗೆಗೆ ತಾಗಿಸಿ, ಹಲ್ಲಿನಿಂದ ಸ್ವಲ್ಪ ಕಡಿದು, ಪಕ್ಕಕ್ಕೆ ಉಗುಳಿದ. "ಇದು ಪಾಡ ಅದರಿ, ಪೂರಾ ಹದ ಆಗ್ಯದ. ಇದು ನಡುವ ಹಸಿ ಉಳದದ. ಇದು ಎಮ್ಮೀದು, ಎತ್ತಿಂದು ಅಂತ ಹೇಳಿ ನಿಮಗ ಟೋಪಿ ಹಾಕ್ಯಾರ."

ಎರಡು ದಿನ ಬಿಟ್ಟು ತೇಜಾಬು ಅದನ್ನೇ ಹೇಳಿತು. ಸಾಹೇಬ ಸರ್ಕಾರಕ್ಕೆ ತೇಜಾಬಿನ ಹೆಸರಿನಲ್ಲಿ ವರದಿ ಬರೆದ, ಮಲ್ಕಪ್ಪನನ್ನು ಕೆಲಸಕ್ಕೆ ಇಟ್ಟುಕೊಂಡ. ನಾಲಿಗೆಗೆ ಬೇರೆ ಹುದ್ದೆ ಇರಲಿಲ್ಲವಾದ್ದರಿಂದ ನಡೆಯುವವನಾಗಿ ಇಟ್ಟುಕೊಂಡ.

ನಡೆಯುವುದೇ ಅಲ್ಲಿಯ ದೊಡ್ಡ ಕೆಲಸ. ಬೆಳಿಗ್ಗೆ ಹತ್ತು ಜನ ಸಾಲಾಗಿ ನಿಲ್ಲಬೇಕು. ಒಂದೊಂದು ಜೋಡು ಬೂಟನ್ನೂ ತಕ್ಕಡಿಯಲ್ಲಿ ಬಂಗಾರದಂಗೆ ತೂಗಿ, ನಂಬರು ಕೂಗಿ ಕೊಡುತ್ತಿದ್ದರು. ಅದನ್ನು ಮೆಟ್ಟಿ ಎರೆಹೊಲ ದಾಟಿ ಬಂಡೇನಾಳದ ಊರಬಾಗಿಲು ಅಗಸಿ ಹೊಕ್ಕು, ಊರ ನಡುವಿನ ಚಪ್ಪಡಿಗಲ್ಲಿನ ಓಣಿಯಲ್ಲಿ ಹಾದು, ಆಚೆ ಹಳ್ಳದ ನೀರಿನಲ್ಲಿ ಕಾಲು ತೋಯಿಸಿ, ಸುತ್ತು ಹಾಕಿ ಶೆಡ್ಡಿಗೆ ಬರಬೇಕು. ಎಂಟು ಮೈಲಿ. ಮಣ್ಣು, ಕಲ್ಲು, ನೀರು ಮೂರೂ ಸಿಗುವ ದಾರಿ. ಪುಣೆಯ ಕಡೆಯ ದೊಡ್ಡ ಸಾಹೇಬ ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಿಂದ ಎಳೆದದ್ದು. ಸಂಜೆ ಬಂದಮೇಲೆ ಮತ್ತೆ ತೂಕ. ಬೂಟು ಎಷ್ಟು ಸವೆಯಿತು ಅನ್ನುವುದನ್ನು ರತ್ತಿ, ಅಂದರೆ ಗುಲಗಂಜಿ ತೂಕದ, ಲೆಕ್ಕದಲ್ಲಿ ಬರೆಯುತ್ತಿದ್ದರು. ಕಾಲು ಎಷ್ಟು ಸವೆಯಿತು ಅನ್ನುವುದಕ್ಕೆ ಕಾಲಮ್ ಇರಲಿಲ್ಲ.

ಹಳ್ಳದ ಹತ್ತಿರದ ಬನ್ನಿಗಿಡದ ಕೆಳಗೆ ರಜಿಸ್ಟರು ಹಿಡಿದು ಖಾದರಸಾಬ ಕೂಡುತ್ತಿದ್ದ. ಆಳಂದದವನು, ಬಾಯ್ತುಂಬ ಎಲೆಯಡಿಕೆ. ಯಾರು ಎಷ್ಟೊತ್ತಿಗೆ ಬಂದರು ಅಂತ ಬರೆಯುವುದು ಅವನ ಕೆಲಸ.

ಇಷ್ಟರಲ್ಲಿ ಹೊಸ ಅಟ್ಟೆಯ ಬೂಟು ಬಂತು. ಯಾವನೋ ಕಾಂಟ್ರಾಕ್ಟರ ಕಳಿಸಿದ್ದು. ನೋಡಲು ಬಲು ಚೆಂದ. ಮಲ್ಕಪ್ಪ ಅಟ್ಟೆಯ ಅಂಚು ನೆಕ್ಕಿ, "ಸಾಹೇಬ್ರ, ಮ್ಯಾಲೊಂದು ತೊಗಲು, ಕೆಳಗೊಂದು ತೊಗಲು, ನಡುವ ರದ್ದಿ ಕಾಗದ ಅದರಿ," ಅಂದ. ಸಾಹೇಬ ಕನ್ನಡಕ ಸರಿಮಾಡಿಕೊಂಡು, "ಪರೀಕ್ಷೆ ಆಗೋಕಿಂತ ಮೊದಲು ಅಭಿಪ್ರಾಯ ಹೇಳಬಾರದು," ಅಂದ. ಓದಿದವರ ಮಾತು. ಮಲ್ಕಪ್ಪ ಎಂಟನೇ ನಂಬರಿನ ಜೋಡು ಮೆಟ್ಟಿ ಹೊರಟ.

ಇಪ್ಪತ್ತೈದು ದಿನ, ಇನ್ನೂರು ಮೈಲಿ. ಒಂಬತ್ತು ಜೋಡು ಬೂಟು ಈಗ ತಾನೇ ಹುಟ್ಟಿದ ಕರುವಿನ ಗೊರಸಿನಂಗೆ ಇದ್ದವು. ಮಲ್ಕಪ್ಪನ ಜೋಡು ಮಾತ್ರ ಅರವತ್ತು ಮೈಲಿಗೇ ಬಾಯಿ ಬಿಟ್ಟು, ಒಳಗಿನ ರದ್ದಿ ನಾಲಿಗೆಯಂಗೆ ಹೊರಗೆ ಜೋತುಬಿದ್ದಿತ್ತು. ಸಾಹೇಬ ತಲೆ ಕೆರೆದುಕೊಂಡು ಲೆಕ್ಕ ಹಾಕಿದ. ಒಂಬತ್ತಕ್ಕೆ ಒಂದು. ಅಂದಮೇಲೆ ದೋಷ ಬೂಟಿನದಲ್ಲ, ನಡೆಯುವವನದು. "ಎಂಟನೇ ನಂಬರಿನವನ ನಡಿಗೆ ವಕ್ರವಾಗಿದೆ, ಅಟ್ಟೆ ಅತ್ಯುತ್ತಮ" ಅಂತ ಪುಣೆಗೆ ಬರೆದ. ಬೂಟುಗಳು ಗಾಡಿಗಟ್ಟಲೆ ಫೌಜಿಗೆ ಹೋದವು.

ಎರಡು ತಿಂಗಳಿಗೆ ಕಾಗದ ಬಂತು. ಕಾಗದ ಓದಿದ ಸಾಹೇಬನ ಮುಖ ಸುಣ್ಣ ಬಳಿದ ಗೋಡೆಯಂಗೆ ಆಯಿತು. ಹನ್ನೊಂದನೇ ದಿನಕ್ಕೆ ಇಡೀ ಪಲ್ಟಣಿನ ಅಟ್ಟೆ ಕಿತ್ತುಬಂದು, ಸಿಪಾಯಿಗಳು ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ನಡೆದರಂತೆ. ಹತ್ತೂ ಜನರನ್ನು ಸಾಲಾಗಿ ನಿಲ್ಲಿಸಿದ.

"ನಿಜ ಹೇಳ್ರಿ. ಇನ್ನೂರು ಮೈಲಿ ನಡೆದಿರೋ ಇಲ್ಲವೋ?"

"ನಡದೇವ್ರಿ. ಖಾದರಸಾಬರ ಕೇಳ್ರಿ," ಅಂದ ಜೇವರ್ಗಿಯ ಗುರಣ್ಣ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ, ಮೀಸೆ ಹಣ್ಣಾದವನು.

"ಬೂಟು ಯಾಕೆ ಸವೆದಿಲ್ಲ?"

"ಸವಿಯಾಕ ಹಾಕ್ಕೊಂಡಿದ್ರ ಅಲ್ಲೇನ್ರಿ? ಹೆಗಲಿಗಿ ಹಾಕ್ಕೊಂಡು ನಡದೇವ್ರಿ. ಸರಕಾರದ ಹೊಸಾ ಬೂಟು. ಹಾಳಾದ್ರ ನಾಳೆ ನಮ್ಮ ಮೈಮ್ಯಾಲೆ ಬರ್ತದ."

ಸಾಹೇಬ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ಯಾ ಅಲ್ಲಾ! ಸವೆಸೋಕೇ ಕೊಟ್ಟಿದ್ದೋ ಕಂಬಖ್ತ!"

"ಯಾವ ಶಾಣ್ಯಾ ಹೊಸಾ ಬೂಟು ಸವಸಾಕ ಕೊಡ್ತಾನ್ರಿ? ನೀವು ನಮ್ಮ ನಿಯತ್ತು ಪರೀಕ್ಷಾ ಮಾಡಾಕತ್ತೀರಿ ಅಂತ ತಿಳಿದಿದ್ದೆವ್ರಿ. ಸಂಜೀಕ ತೂಕ ಕಮ್ಮಿ ಬಂದ್ರ ಕಳವು ಮಾಡ್ಯಾರಂತ ಹಿಡೀತಾರ ಅಂತ ಹೆದರಿಕಿ."

ಸಾಹೇಬ ಖಾದರಸಾಬನ ಕಡೆ ತಿರುಗಿದ. "ನೀನು ನೋಡಲಿಲ್ವಾ?"

"ನೋಡೀನ್ರಿ ಹಜರತ್. ರೋಜ ನೋಡೀನಿ. ಬಂದ ಹೊತ್ತು ಬರೀಲಿಕ್ಕೆ ಕಾಲಮ್ ಅದ, ನಂಬರ್ ಬರೀಲಿಕ್ಕೆ ಕಾಲಮ್ ಅದ. ಬೂಟು ಕಾಲಾಗ ಅದಾವೋ ಹೆಗಲ ಮ್ಯಾಲ ಅದಾವೋ ಅಂತ ಬರೀಲಿಕ್ಕೆ ಎಲ್ಲಿ ಕಾಲಮ್ ಅದ ತೋರಸ್ರಿ." ಖಾದರಸಾಬ ರಜಿಸ್ಟರು ಬಿಚ್ಚಿಯೇ ನಿಂತ.

ಕೊನೆಗೆ ಸರದಿ ಮಲ್ಕಪ್ಪನದು. "ನಾ ಮೆಟ್ಟೇ ನಡದೀನ್ರಿ. ಅದಕ್ಕ ನನ್ನವು ಬಾಯಿ ಬಿಟ್ಟಾವ. ಅಗಸ್ಯಾಗಷ್ಟು ಬಿಚ್ಚಿ ಬಗಲಾಗ ಹಿಡ್ಕೊಂಡು ಹೋಗ್ತೇನಿ, ಓಣಿ ದಾಟಿದ ಮ್ಯಾಲ ಮತ್ತ ಹಾಕ್ಕೋತೇನಿ."

"ಅಲ್ಲೇ ಯಾಕೆ ಬಿಚ್ಚೋದು?"

ಮಲ್ಕಪ್ಪ, ಗುರಣ್ಣ, ಖಾದರಸಾಬ, ಬಾಗಿಲ ಬಂದೂಕಿನವನು, ಎಲ್ಲರೂ ನೆಲ ನೋಡಿದರು. ಶೆಡ್ಡಿನಲ್ಲಿ ಅದು ಗೊತ್ತಿಲ್ಲದವನು ರಸಾಯನಶಾಸ್ತ್ರ ಓದಿದವನೊಬ್ಬನೇ. ಬಂಡೇನಾಳದ ಓಣಿಯಲ್ಲಿ ಊರ ಧಣಿ ದೌಲತರಾಯನ ದೊಡ್ಡ ಮನೆ, ವಾಡೆ, ಇತ್ತು. ಆ ಓಣಿಯಲ್ಲಿ ಕೇರಿಯವರು ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ. ದೌಲತರಾಯನ ಜೋಡನ್ನು ಹೊಲಿಯುತ್ತಿದ್ದವನೂ ಮಲ್ಕಪ್ಪನೇ. ಹೊಲಿದು, ಎಣ್ಣೆ ಹಚ್ಚಿ, ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಹೋಗಿ ಕೊಟ್ಟು ಬರುವುದು.

ಅದೇ ಅಟ್ಟೆಯನ್ನು ಮತ್ತೆ ಪರೀಕ್ಷೆ ಮಾಡಲು ಪುಣೆಯಿಂದ ಹೊಸ ಕಾಯಿದೆ ಬಂತು. ಜೊತೆಗೆ ಒಂದು ಇಕ್ಕಳ, ತಂತಿಯ ಸುರುಳಿ, ಸೀಸದ ಗುಂಡಿನ ಡಬ್ಬಿ. ಬೆಳಿಗ್ಗೆ ಬೂಟು ಕಟ್ಟಿದಮೇಲೆ ದಾರದ ಕಣ್ಣುಗಳಲ್ಲಿ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಇಟ್ಟು, ಕಿರೀಟದ ಗುರುತು ಬೀಳುವಂತೆ ಒತ್ತಬೇಕು. ರೈಲಿನ ಮಾಲು ಡಬ್ಬಿಗೆ ಮೊಹರು ಹಾಕಿದಂಗೆ. ಸಂಜೆ ಸಾಹೇಬನ ಕಣ್ಣೆದುರೇ ಕತ್ತರಿಸಬೇಕು. ನಡುವೆ ಮೊಹರು ಒಡೆದವನಿಗೂ ಒಡೆಸಿದವನಿಗೂ ಜೇಲು. ಖಾದರಸಾಬ ಇನ್ನುಮುಂದೆ ಹಳ್ಳದ ನೆರಳು ಬಿಟ್ಟು, ಓಣಿಯ ಚಾವಡಿಯಲ್ಲೇ ಕೂತು ನೋಡಬೇಕು.

ಮಲ್ಕಪ್ಪ ಸಾಹೇಬನ ಹತ್ತಿರ ಹೋದ. "ನನಗೊಬ್ಬಗ ಊರ ಹೊರಗಿಂದ ಸುತ್ತಿ ಹೋಗಾಕ ಬಿಡ್ರಿ. ಅರ್ಧ ಮೈಲಿ ಹೆಚ್ಚಾದ್ರೂ ಆಗಲಿ."

ಸಾಹೇಬ ಕೆಟ್ಟವನಲ್ಲ. ಅಂಜುಬುರುಕ, ಅಷ್ಟೇ. "ಓಣಿಯಲ್ಲಿ ಕಲ್ಲಿದೆ ಮಲ್ಕಪ್ಪ, ಹೊರಗೆ ಇಲ್ಲ. ನಕಾಶೆಯ ಮೇಲೆ ದೊಡ್ಡ ಸಾಹೇಬರ ದಸ್ತಖತ್ ಇದೆ. ಆಗದಿದ್ದರೆ ಬಿಡು, ಬೇರೆ ಯಾರನ್ನಾದರೂ ನೋಡ್ತೀನಿ. ನಾಳೆ ಬೆಳಿಗ್ಗೆ ಹೇಳು."

ಮನೆಗೆ ಬಂದಾಗ ಹೆಂಡತಿ ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ರೊಟ್ಟಿಯ ಮೇಲೆ ಪೆಟ್ಟು ಜೋರಾದವು.

"ಬಿಟ್ಟು ಬಾ. ಹೊಲಿಯೂ ಕೆಲಸ ಇಲ್ಲೇನು ಮನ್ಯಾಗ? ಧಣಿ ಸಿಟ್ಟಾದ್ರ ಕೇರಿ ಮಂದಿಗಿ ಸುಗ್ಗಿ ಕೆಲಸ ಬಂದ್ ಮಾಡ್ತಾನ. ನಿನ್ನ ಒಂದು ಜೋಡು ಕಾಲಿಗಿ ನಲವತ್ತು ಹೊಟ್ಟಿ ಉಪಾಸ."

"ಬಿಟ್ರ ಏನಂತ ಬರೀತಾರ ಗೊತ್ತೇನ ಬೇ? ಎಂಟನೇ ನಂಬರಿನವನ ಕಾಲೇ ಸೊಟ್ಟ ಅಂತ ಬರದು ಇಟ್ಟಾರ. ರದ್ದಿ ಅದ ಅಂತ ಮೊದಲೇ ಹೇಳಿದವ ನಾನು, ಖರೇ ನಡದವ ನಾನು, ಸೊಟ್ಟ ಆದವನೂ ನಾನೇ."

"ಬರದ್ರ ಬರೀಲಿ. ಪುಣೇದಾಗ ಯಾರು ನಿನಗ ಹೆಣ್ಣು ಕೊಡಾಕ ನಿಂತಾರ?"

ಮಲ್ಕಪ್ಪ ರೊಟ್ಟಿ ಮುರಿದ. ತಿನ್ನಲಿಲ್ಲ. "ನಾಳೆ ಮೊಹರ ಹಾಕಸ್ಕೋತೇನಿ."

ದ್ರೌಪದಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಇನ್ನೊಂದು ರೊಟ್ಟಿ ತೆಗೆದು ಅವನ ತಾಟಿಗೆ ಒಗೆದಳು. "ಹಂಗಾರ ಹೊಟ್ಟಿ ತುಂಬ ತಿಂದು ಹೋಗು. ಮತ್ತ ಸತ್ರ ಬೂಟು ಮನಿಗಿ ಕೊಡ್ತಾರೇನು ಅಂತ ಸಾಹೇಬಗ ಕೇಳಿ ಹೋಗು."

ಮರುದಿನ ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ಜನ ಮುಂದೆ ಹಾದುಹೋದರು. ಹೆಗಲಿನ ಭಾರ ಕಾಲಿಗೆ ಇಳಿದಿದ್ದರಿಂದ ಎಲ್ಲರೂ ಕುಂಟುತ್ತಿದ್ದರು. ಅವರೆಲ್ಲ ಬೇರೆ ಊರಿನ, ಬೇರೆ ಜಾತಿಯ ಮಂದಿ; ಯಾರೂ ತಡೆಯಲಿಲ್ಲ. ಕೊನೆಯವನಾದ ಮಲ್ಕಪ್ಪ ಅಗಸಿಯಲ್ಲಿ ನಿಂತ. ಓಣಿಯ ಕಟ್ಟೆಯ ಮೇಲೆ ದೌಲತರಾಯ ಕೂತಿದ್ದ. ಹಣೆ ತುಂಬ ವಿಭೂತಿ. ಬೆಳಿಗ್ಗೆ ಶರಣರ ಹೆಸರು ಹೇಳಿ ಏಳುವವನು, ರಾತ್ರಿ ಶರಣರ ಹೆಸರು ಹೇಳಿ ಮಲಗುವವನು. ನಡುವಿನ ಹೊತ್ತು ಮಾತ್ರ ಶರಣರಿಗೆ ಬಿಡುವು.

"ಏ ಮಲ್ಕ್ಯಾ, ಕಾಲಾಗ ಏನಲೇ ಅದು?"

"ಬೂಟ್ರಿ ಧಣ್ಯಾರ."

"ಬೂಟು ಅಂತ ಕುರುಡಗೂ ಕಾಣ್ತದ. ಬಿಚ್ಚು."

"ಬಿಚ್ಚಾಕ ಬರಂಗಿಲ್ರಿ. ಸರಕಾರದ ಮೊಹರ ಬಿದ್ದದ."

"ಎಲ್ಲಿ ಮೊಹರ?" ದೌಲತರಾಯ ಎದ್ದು ಬಂದ. ಮೊಹರು ಇದ್ದದ್ದು ಬೂಟಿನ ಮೇಲೆ, ಬೂಟು ಇದ್ದದ್ದು ಮಲ್ಕಪ್ಪನ ಕಾಲಿನಲ್ಲಿ, ನೋಡಬೇಕೆಂದರೆ ಬಗ್ಗಬೇಕು. ಧಣಿ ಅರ್ಧ ಬಗ್ಗಿದ. ತಾನು ಯಾರ ಕಾಲಿಗೆ ಬಗ್ಗುತ್ತಿದ್ದೇನೆ ಅನ್ನುವುದು ಅಲ್ಲೇ ಹೊಳೆದು, ಸೊಂಟ ಉಳುಕಿದವನಂಗೆ ನೆಟ್ಟಗಾದ. "ಕಲ್ಯಾಣಪ್ಪಾ, ನೀ ನೋಡು."

ಕಲ್ಯಾಣಪ್ಪ ವಾಡೆಯ ಕಾರಭಾರಿ. ಅರವತ್ತು ದಾಟಿದ ಮುದುಕ, ಕಣ್ಣು ಮಂಜು. ಮೊಣಕಾಲೂರಿ ಕೂತು ಮೂಗು ಬೂಟಿಗೆ ತಾಗುವಷ್ಟು ಬಗ್ಗಿ ನೋಡಿದ. "ಹೌದ್ರಿ ಧಣ್ಯಾರ. ಕಿರೀಟ ಅದ. ರಾಜಂದು."

"ಕಡೀರಿ ಅದನ್ನ!"

ಯಾರೂ ಅಲ್ಲಾಡಲಿಲ್ಲ. ಚಾವಡಿಯಿಂದ ಖಾದರಸಾಬ ಎಲೆಯಡಿಕೆ ಉಗುಳಿ ಕೂಗಿದ: "ಕಡೀರಿ, ಕಡೀರಿ. ಹೆಸರಷ್ಟು ಹೇಳಿ ಕಡೀರಿ. ಇದಕ್ಕ ಮಾತ್ರ ಈ ಸಲ ಕಾಲಮ್ ಕೊಟ್ಟಾರ. ಮೊಹರ ಒಡದವ, ಅವರಪ್ಪ, ಊರು."

ಕೊಡಲಿ ಹಿಡಿದಿದ್ದವನೊಬ್ಬ ಅದನ್ನು ಬೆನ್ನ ಹಿಂದೆ ಸರಿಸಿದ. ಊರಿಗೆ ಫಜೀತಿ ಬಂತು. ಬೂಟು ಬಿಚ್ಚುವಂತಿಲ್ಲ, ಬೂಟಿನ ಜೊತೆ ಬಿಡುವಂತಿಲ್ಲ.

"ಹೊರಸಿನ ಮ್ಯಾಲ ಕುಂದ್ರಿಸಿ ನಾಕು ಮಂದಿ ಹೊತ್ಗೊಂಡು ದಾಟಿಸಿಬಿಡ್ರಿ. ಬೂಟು ನೆಲಕ್ಕ ಮುಟ್ಟಬಾರದು, ಅಷ್ಟ ಅಲ್ಲ?" ಅಂದ ಕಲ್ಯಾಣಪ್ಪ, ಕಟ್ಟೆಯ ಪಕ್ಕದ ಹಗ್ಗದ ಮಂಚ ತೋರಿಸಿ.

"ಹೊರವ ಯಾರು? ನೀ ಹೊರ್ತೀಯೇನು?" ಅಂದರು ಜನ. ಮುಟ್ಟಿದರೆ ಮೈಲಿಗೆ ಆಗುವವನನ್ನು ಹೊತ್ತು ಮೆರೆಸಲು ಯಾರೂ ಹೆಗಲು ಕೊಡಲಿಲ್ಲ.

"ಗಾಡ್ಯಾಗ ಹಾಕ್ರಿ!" ಅಂದ ಇನ್ನೊಬ್ಬ. ಧಣಿಯ ಎದುರು ಕೇರಿಯವನು ಗಾಡಿಯಲ್ಲಿ ಕೂತು ಹೋಗುವುದು ಬೂಟಿಗಿಂತ ದೊಡ್ಡ ತಪ್ಪು. ಅದೂ ಬಿದ್ದುಹೋಯಿತು. ಮೇಲಾಗಿ ಖಾದರಸಾಬ, "ನಡೀಬೇಕು. ಗಾಡ್ಯಾಗ ಹೋದ್ರ ಬೂಟಿಗಿ ಲೆಕ್ಕ ಇಲ್ಲ," ಅಂತ ತಿದ್ದಿದ.

ಕೊನೆಗೆ ದೌಲತರಾಯನಿಗೇ ಬುದ್ಧಿ ಓಡಿತು. "ಗೋಣಿಚೀಲ ಹಾಸ್ರಿ! ಈ ತುದೀಲಿಂದ ಆ ತುದಿಗಿ. ಚೀಲದ ಮ್ಯಾಲ ಹೋಗಲಿ, ಕಲ್ಲು ಮುಟ್ಟೂದು ಬ್ಯಾಡ."

ಆಳುಗಳು ಓಡಿದರು. ವಾಡೆಯ ಚೀಲಗಳನ್ನು ತಂದು ಅಗಸಿಯಿಂದ ಒಂದರ ಮುಂದೊಂದು ಹಾಸತೊಡಗಿದರು. ಹತ್ತು ಚೀಲ ಹಾಸುವಷ್ಟರಲ್ಲಿ ಮಾಳಿಗೆಯ ಮೇಲಿಂದ ಧಣಿಯ ತಾಯಿ ಸುಭದ್ರಾಬಾಯಿಯ ದನಿ ಬಂತು. ಎಂಬತ್ತು ವರ್ಷದ ಹಣ್ಣು ಮುದುಕಿ, ಕಿವಿ ಮಂದ, ನಾಲಿಗೆ ಚುರುಕು.

"ಏ ದೌಲತ್ಯಾ! ಯಾವ ಸ್ವಾಮ್ಗೋಳು ಬರಾಕತ್ತಾರೋ? ಪಾದ ಇಡಾಕ ನಡಿಮಡಿ ಹಾಸಾಕತ್ತೀರಿ, ನನಗರ ಹೇಳಬಾರದಾ? ಆರತಿ ತರ್ತಿದ್ದೆ!"

ಓಣಿಯಲ್ಲಿ ಹೆಂಗಸೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. ಸೆರಗು ಸಾಲಲಿಲ್ಲ. ನಗು ಬಾವಿಕಟ್ಟೆಯಿಂದ ಚಾವಡಿಗೆ ಹಬ್ಬಿತು. ದೌಲತರಾಯ ಚೀಲ ನೋಡಿದ, ಮಾಳಿಗೆ ನೋಡಿದ. "ತೆಗೀರಿ! ತೆಗೀರಿ ಅವನ್ನ!" ಅಂತ ಒದರಿದ. ಹಾಸಿದವರೇ ಸುತ್ತಲು ಬಗ್ಗಿದರು.

ಎಲ್ಲರ ಬೆನ್ನೂ ಬಗ್ಗಿದ್ದ ಆ ಹೊತ್ತಿನಲ್ಲಿ ಮಲ್ಕಪ್ಪ ನಡೆದ. ಎದೆ ಉಬ್ಬಿಸಲಿಲ್ಲ, ಕೈ ಬೀಸಲಿಲ್ಲ. ಚಪ್ಪಡಿಗಲ್ಲಿನ ಮೇಲೆ ಬೂಟಿನ ಕಬ್ಬಿಣದ ನಾಲು ಟಕ್ ಟಕ್ ಅಂದದ್ದು ಕೇಳಿ ಅವನೇ ಬೆಚ್ಚಿದ. ಹುಟ್ಟಿದ ಊರಿನ ಓಣಿಯಲ್ಲಿ ಅವನ ಹೆಜ್ಜೆ ಸಪ್ಪಳ ಮಾಡಿದ್ದು ಅದೇ ಮೊದಲು. ಮುನ್ನೂರು ಹೆಜ್ಜೆ. ಎಣಿಸಿದ. ಚಾವಡಿಯ ಎದುರು ಬಂದಾಗ ಖಾದರಸಾಬ ತಲೆ ಎತ್ತದೆ, "ಎಂಟು ನಂಬರ್, ಹತ್ತೂ ನಲವತ್ತು, ಕಾಲಾಗ," ಅಂತ ಬರೆದುಕೊಂಡ.

ಆ ಸಲ ಅರವತ್ತು ಮೈಲಿಗೆ ಹತ್ತೂ ಜೋಡು ಬಾಯಿ ಬಿಟ್ಟವು. ಹತ್ತೂ ಜನರ ನಡಿಗೆ ವಕ್ರ ಅಂತ ಬರೆಯುವ ಧೈರ್ಯ ಸಾಹೇಬನಿಗೆ ಆಗಲಿಲ್ಲ. ಬೂಟನ್ನು ಕುಯ್ದು ನೋಡಿದ. ನಡುವೆ ರದ್ದಿ ಕಾಗದ. ಕಾಂಟ್ರಾಕ್ಟರನಿಗೆ ಏನಾಯಿತೋ ಗೊತ್ತಿಲ್ಲ. ಏನೂ ಆಗಿರಲಿಕ್ಕಿಲ್ಲ. ಮಲ್ಕಪ್ಪನಿಗೆ ಆದದ್ದು ಇಷ್ಟು: ಆಮೇಲಿಂದ ತೊಗಲು ಬಂದಾಗಲೆಲ್ಲ ಸಾಹೇಬ ಬಾಗಿಲು ಮುಚ್ಚಿ, "ಸ್ವಲ್ಪ ನೆಕ್ಕು ನೋಡೋಣ," ಅನ್ನುತ್ತಿದ್ದ. ವರದಿಯಲ್ಲಿ ತೇಜಾಬಿನ ಹೆಸರೇ ಇರುತ್ತಿತ್ತು.

ಲಡಾಯಿ ಮುಗಿಯುವ ತನಕ ಮೂರು ವರ್ಷ ಹೀಗೇ ನಡೆಯಿತು. ದ್ರೌಪದಿ ಹೇಳಿದ್ದು ಅರ್ಧ ಖರೆ ಆಯಿತು. ಧಣಿ ಮೊದಲ ಸುಗ್ಗಿಗೆ ಕೇರಿಯವರನ್ನು ಕರೆಯಲಿಲ್ಲ; ಅರ್ಧ ಜೋಳ ಹೊಲದಲ್ಲೇ ಹಕ್ಕಿ ತಿಂದಮೇಲೆ ಎರಡನೇ ಸುಗ್ಗಿಗೆ ಕರೆದ. ಆ ಒಂದು ವರ್ಷ ಕೇರಿ ಅರೆಹೊಟ್ಟೆಯಲ್ಲಿತ್ತು, ಮಲ್ಕಪ್ಪನಿಗೆ ಬೈಯದ ಮುದುಕಿಯೇ ಕೇರಿಯಲ್ಲಿ ಇರಲಿಲ್ಲ. ಅವನ ಕೈಯ ಜೋಡು ಬೇಡ ಅಂತ ದೌಲತರಾಯ ಆಳಂದದಿಂದ ತರಿಸಿ, ಹಿಮ್ಮಡಿಗೆ ಆಣಿ ಮಾಡಿಕೊಂಡು ಕುಂಟಿದ. ಹತ್ತೂವರೆಯ ಹೊತ್ತಿಗೆ ಕಟ್ಟೆಯಿಂದ ಎದ್ದು ಒಳಗೆ ಹೋಗಿ ವಾಡೆಯ ಬಾಗಿಲು ಮುಚ್ಚಿಸುತ್ತಿದ್ದ. ಕಣ್ಣಿಗೆ ಕಾಣದ್ದು ನಡೆದಂಗಲ್ಲ ಅನ್ನುವುದು ಅವನ ಹೊಸ ಶಾಸ್ತ್ರ.

ನಲವತ್ತೈದರ ಮಳೆಗಾಲದ ಕೊನೆಗೆ ಶೆಡ್ಡು ಕಿತ್ತರು. ತಕ್ಕಡಿ, ಸೀಸೆ, ಇಕ್ಕಳ ಎಲ್ಲ ಲಾರಿಗೆ ಏರಿದವು. ಬೂಟುಗಳನ್ನೂ ಎಣಿಸಿ ಒಯ್ದರು. ಒಂದು ಹರಕು ಜೋಡನ್ನೂ ಬಿಡಲಿಲ್ಲ. ಸಾಹೇಬ ಮಲ್ಕಪ್ಪನಿಗೆ ಒಂದು ಸರ್ಟಿಫಿಕೇಟು ಕೊಟ್ಟ. ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಏನಿತ್ತೋ, ದ್ರೌಪದಿ ಅದನ್ನು ಇಲಿ ಬರದಂತೆ ನೆಲದೊಳಗಿನ ಜೋಳದ ಹಗೇವಿನಲ್ಲಿ ಹಾಕಿ ಮುಚ್ಚಿದಳು.

ಅದಾಗಿ ಎರಡು ದಿನಕ್ಕೆ ಮಲ್ಕಪ್ಪ ತಾನೇ ಹೊಲಿದ ಎತ್ತಿನ ತೊಗಲಿನ ಮೆಟ್ಟು ಮೆಟ್ಟಿ, ಅದೇ ಹೊತ್ತಿಗೆ ಅಗಸಿ ಹೊಕ್ಕ. ತಂತಿ ಇಲ್ಲ, ಸೀಸ ಇಲ್ಲ, ಚಾವಡಿಯಲ್ಲಿ ಖಾದರಸಾಬ ಇಲ್ಲ. ದೌಲತರಾಯ ಆವತ್ತು ಬಾಗಿಲು ಮುಚ್ಚಿಸಲಿಲ್ಲ. ಮೂರು ವರ್ಷ ಈ ದಿನಕ್ಕೇ ಕಾದಿದ್ದ. "ಇವತ್ತ ಯಾವ ರಾಜನ ಹುಕುಂ ಅದಲೇ?" ಅಂದ.

"ಯಾರದೂ ಇಲ್ರಿ. ಹಳ್ಳಕ್ಕ ಹೊಂಟೀನಿ."

ನಾಲ್ಕು ಜನ ಬಂದು ಬಡಿದರು. ಮುನ್ನೂರರಲ್ಲಿ ನೂರಾ ಹತ್ತು ಹೆಜ್ಜೆ ಆಗಿತ್ತು. ದ್ರೌಪದಿ ಅರಿಶಿನ ಕಾಸಿ ಬೆನ್ನಿಗೆ ಹಚ್ಚಿ, ಅವನ ಏಳು ತಲೆಮಾರು ಬೈದಳು. ಎಂಟು ದಿನಕ್ಕೆ ಎದ್ದು ನಿಂತವನು ಮತ್ತೆ ಮೆಟ್ಟು ಮೆಟ್ಟಿದ. ಬಾಗಿಲಲ್ಲಿ ಅಡ್ಡ ನಿಂತ ದ್ರೌಪದಿ, ಆಮೇಲೆ ಸರಿದು, "ತಡಿ," ಅಂದು ತಾನೂ ಒಂದು ಜೋಡು ಕಾಲಿಗೆ ಏರಿಸಿ ಬಂದಳು. ಆ ಸಲ ಇಬ್ಬರೇ ಬಂದು ಬಡಿದರು, ಹೆಣ್ಣುಮಗಳ ಮೇಲೆ ಕೈ ಮಾಡಲು ಹೋದವನ ಕೈ ದ್ರೌಪದಿಯ ಹಲ್ಲಿಗೆ ಸಿಕ್ಕಿತು. ನೂರಾ ತೊಂಬತ್ತು ಹೆಜ್ಜೆ.

ಮೂರನೇ ಸಲ ಹೋದಾಗ ಹಿಂಗಾರಿ ಬಿತ್ತನೆ ಹತ್ತಿತ್ತು. ಹದ ಬಂದ ಎರೆ ಎರಡು ದಿನ ಕಾಯುವುದಿಲ್ಲ, ಧಣಿಯ ಸಿಟ್ಟಿಗಂತೂ ಕಾಯುವುದಿಲ್ಲ. ಆಳುಗಳೆಲ್ಲ ಕೂರಿಗೆಯ ಹಿಂದೆ ಹೊಲದಲ್ಲಿದ್ದರು. ಕಟ್ಟೆಯ ಮೇಲೆ ದೌಲತರಾಯ ಒಬ್ಬನೇ ಎದ್ದು ನಿಂತು, ಕಲ್ಯಾಣಪ್ಪನನ್ನು ಕೂಗಿದ. ಕಲ್ಯಾಣಪ್ಪ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಮಲ್ಕಪ್ಪನ ಕಾಲು ನೋಡಿ, ಧಣಿಯ ಮುಖ ನೋಡಿ, "ನನ್ನ ಕೈಲಾಗಂಗಿಲ್ರಿ ಧಣ್ಯಾರ. ನೀವ ಬಡೀರಿ," ಅಂದ.

ದೌಲತರಾಯ ತನ್ನ ಎರಡೂ ಕೈ ನೋಡಿಕೊಂಡ. ಅವುಗಳಿಂದ ಅವನು ಅಲ್ಲಿಯವರೆಗೆ ಯಾರನ್ನೂ ಬಡಿದಿರಲಿಲ್ಲ, ಬಡಿಸಿಯೇ ಗೊತ್ತು. ಮಲ್ಕಪ್ಪ, ದ್ರೌಪದಿ ಓಣಿ ದಾಟಿ ಹಳ್ಳಕ್ಕೆ ಇಳಿದರು.